ಗ್ರಾಮಾಫೋನಿನ ಶ್ರೋತೃಗಳು ಮತ್ತು ಕುಂದಗೋಳದ ಗುರುಪೀಠ

ಧಾರವಾಡ ಪ್ರಾಂತದ ಹಿಂದುಸ್ತಾನಿ ಸಂಗೀತದ ಚರಿತ್ರೆಯನ್ನು ಬರೆದವರು ಗುರುಗಳನ್ನೂ ಆಶ್ರಯದಾತರನ್ನೂ ಕುರಿತು ವಿಸ್ತಾರವಾಗಿ ವಿವೇಚಿಸಿರುವರು. ತಮ್ಮ ಮೆಚ್ಚಿನ ಧ್ವನಿಮುದ್ರಿಕೆಗಳನ್ನು, ಜನರ ಮಾತಿನಲ್ಲಿ ‘ಪ್ಲೇಟು’ಗಳನ್ನು, ನಾಲ್ಕು ಜನರಿಗೆ ಕೇಳಿಸಿದವರ ವಿಷಯವು ಮಾತ್ರ ಪ್ರಾಸಂಗಿಕವಾಗಿ ಬಂದು ಮರೆಯಾಗುತ್ತದೆ. ಯಂತ್ರವು ಗುರುವಿನ ಸ್ಥಾನವನ್ನು ಅಪಹರಿಸಿತೆಂಬ ಆಕ್ಷೇಪವೊಂದುಂಟು. ಈ ಭಾಗದ ಮಟ್ಟಿಗೆ ಸಂಗತಿಯು ಅದಕ್ಕೆ ವಿರುದ್ಧವಾದುದೆಂದು ನಾವು ಭಾವಿಸುತ್ತೇವೆ.

1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಗ್ರಾಮಾಫೋನಿನ ಧ್ವನಿ ಕಿವಿಗೆ ಬಿದ್ದೊಡನೆ ಬೀದಿಗೆ ಓಡಿಬರುತ್ತಿದ್ದರು. 1922ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು (ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಆ ಊರು 1997ರಿಂದ ಗದಗ ಜಿಲ್ಲೆಯಲ್ಲಿದೆ) ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂಖಾನರ ಝಿಂಝೋಟಿ ಠುಮ್ರಿಯ ಮುದ್ರಿಕೆಯನ್ನು ಕೇಳಿ ಗಾಯನದ ಹಂಬಲವನ್ನು ಹಿಡಿದು, 1933ರಲ್ಲಿ ಮನೆಯನ್ನು ತೊರೆದುದು ಪ್ರಸಿದ್ಧವಾದ ಸಂಗತಿ. ಇಲ್ಲಿ ಗಮನಿಸತಕ್ಕುದೇನೆಂದರೆ, ಎರಡು ಪ್ರಸಂಗಗಳಲ್ಲಿಯೂ ಯಂತ್ರವು ಅನ್ಯರದು. ಬಾಲಕಿಯು ಬೀದಿಯಲ್ಲಿ ನಿಂತಳು. ಬಾಲಕನು ಅಂಗಡಿಯಲ್ಲಿ ನಿಂತನು. ಕೀಲಿ ಕೊಟ್ಟು ಮುಳ್ಳನ್ನಿರಿಸಿದವರು ಬೇರೊಬ್ಬರು.

ಇಬ್ಬರೂ ಕೊನೆಗೆ ಸೇರಿದ್ದು ಹುಬ್ಬಳ್ಳಿಗೆ ಸಮೀಪದ ಕುಂದಗೋಳವನ್ನು. 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನ ರಾಮಭಾವು ಕುಂದಗೋಳಕರರು, ಎಂದರೆ ಸವಾಯಿ ಗಂಧರ್ವರು (1886–1952), ಕರೀಂಖಾನರ ಶಿಷ್ಯರು. ಮುದ್ರಿಕೆಯಲ್ಲಿ ಕೇಳಿದ ಕಂಠವನ್ನು ಅರಸುತ್ತ ಉತ್ತರ ದೇಶವನ್ನೆಲ್ಲ ಅಲೆದ ಹುಡುಗನಿಗೆ ಅದರ ಪರಂಪರೆಯು ದೊರೆತದ್ದು ತನ್ನ ಜಿಲ್ಲೆಯ ಮಗ್ಗುಲಲ್ಲಿಯೇ.

ಮುದ್ರಿಕೆಯು ಶ್ರೋತೃವನ್ನು ಗುರುವಿನೆಡೆಗೆ ನೂಕಿದುದೇಕೆ? ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಗಾಯನವು ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಬೆಳೆಯಬೇಕಾದ ರಾಗವನ್ನು ಅಷ್ಟರೊಳಗೆ ಮುಗಿಸಬೇಕು. ಕಂಠದ ಗುಣ, ಸ್ವರವಿಡುವ ರೀತಿ, ಬಂದಿಶಿನ ಮುಖ, ಇವು ತಿಳಿಯುತ್ತಿದ್ದವು. ರಾಗದ ಬಢತವು ತಿಳಿಯುತ್ತಿರಲಿಲ್ಲ. ಇದಕ್ಕೆ ಗಂಗೂಬಾಯಿಯವರಿಗಿಂತ ಬಲವಾದ ಸಾಕ್ಷ್ಯವನ್ನು ನಾವು ಕಾಣೆವು. 1930ರ ದಶಕದ ಆರಂಭದಲ್ಲಿಯೇ ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಗೆ ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿದ ಅವರು, ಆ ದಶಕದ ಕೊನೆಯಿಂದ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರು. ತಮ್ಮ ಪ್ಲೇಟುಗಳು ಊರೂರಿನಲ್ಲಿ ತಿರುಗುತ್ತಿರುವಾಗ ಗಾಯಕಿಯು ಗುರುವಿನೆದುರು ಮತ್ತೆ ವಿದ್ಯಾರ್ಥಿನಿಯಾಗಿ ಕುಳಿತಳು!

ಕೂಡಿ ಕೇಳುವುದರಲ್ಲಿಯೂ ಒಂದು ಶಿಕ್ಷಣವಿತ್ತು. ಮಗ್ಗುಲಿಗೊಮ್ಮೆ ಉಕ್ಕಿನ ಮುಳ್ಳನ್ನು ಬದಲಿಸಬೇಕು, ತಟ್ಟೆಯನ್ನು ಮಗುಚಬೇಕು, ಕೀಲಿ ತಿರುವಬೇಕು. ಕೇಳಿದುದರ ಗುಣದೋಷ ವಿಚಾರಕ್ಕೆ ಆ ವಿರಾಮವೇ ಅವಕಾಶ. ಅರಗಿನ ತಟ್ಟೆಯು ಕೈ ಜಾರಿದರೆ ಚೂರಾಗುವುದರಿಂದ ಅದನ್ನು ಎರವಲು ಕೊಡುವುದಕ್ಕೆ ಸ್ನೇಹವು ಸಾಲದು, ವಿಶ್ವಾಸವೂ ಬೇಕು.

1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದ ಬಳಿಕ ರಾಗಗಳು ದೀರ್ಘವಾಗಿ ಕೇಳಿಬರತೊಡಗಿದವು. ಹಳೆಯ ತಟ್ಟೆಗಳು ಅಟ್ಟವನ್ನು ಸೇರಿದವು. ಇಂದು ಅವುಗಳನ್ನು ಸಂಗ್ರಹಿಸುವವರು ನಾದವನ್ನು ಗಣಕಕ್ಕೆ ಇಳಿಸಿಕೊಂಡು ಲಕೋಟೆಯನ್ನು ಎಸೆಯುವುದುಂಟು. ನವಲಗುಂದ, ಅಣ್ಣಿಗೇರಿ, ಕಲಘಟಗಿಗಳ ಮನೆಗಳಲ್ಲಿ ಇಂಥ ತಟ್ಟೆಗಳನ್ನು ಅರಸುವ ವಿದ್ಯಾರ್ಥಿಗಳು, ಲಕೋಟೆಯ ಮೇಲೆ ಮಸಿಯಲ್ಲಿ ಬರೆದ ಹೆಸರು, ತಾರೀಖುಗಳಿದ್ದರೆ ಅವನ್ನೂ, ಅದು ಯಾರ ಮನೆಯ ಪಡಸಾಲೆಯಲ್ಲಿ ಯಾರೊಡನೆ ಕೂಡಿ ಕೇಳಿದ್ದೆಂಬುದನ್ನೂ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನಾವು ಕೋರುತ್ತೇವೆ.