ಕಡತದ ದಾರಿ, ಕಂಪ್ಯೂಟರಿನ ಕೀರ್ತಿ

ಆಡಳಿತ ಸುಧಾರಣೆ ಎಂದರೆ ಈಗ ಎರಡೇ ಅರ್ಥ: ಹೊಸ ಆ್ಯಪ್ ಬಿಡುಗಡೆ, ಇಲ್ಲವೇ ಹುದ್ದೆ ಕಡಿತ. ಕರ್ನಾಟಕದ ಮಟ್ಟಿಗೆ ಇದು ಚರಿತ್ರೆಯ ತಪ್ಪು ಓದು.

ಹಳೆಯ ಕಥೆ ಚಿಕ್ಕದಾಗಿ ಹೇಳಿದರೆ ಸಾಕು. ಬ್ರಿಟಿಷ್ ಕಮಿಷನರುಗಳಾಗಿದ್ದ ಕಬ್ಬನ್, ಬೌರಿಂಗ್ ಕಾಲದಲ್ಲಿ ಮೈಸೂರಿಗೆ ವಿಭಾಗ, ಜಿಲ್ಲೆಗಳ ಕಟ್ಟು ಬಂತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯ ಕಚೇರಿಗಳ ದಕ್ಷತೆಯನ್ನೇ ತಪಾಸಣೆಗೆ ಒಡ್ಡಿದರು. 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹೀಗೆ ಐದು ಕಡೆಯ ನಿಯಮಗಳು ಒಂದೇ ರಾಜ್ಯದ ಮೇಜಿಗೆ ಬಂದು ಬಿದ್ದವು. ಅವುಗಳಲ್ಲಿ ಕಂದಾಯದ ನಿಯಮಗಳನ್ನು ಒಗ್ಗೂಡಿಸಿದ 1964ರ ಭೂಕಂದಾಯ ಕಾಯ್ದೆಯನ್ನು ಯಾರೂ ಸುಧಾರಣೆ ಎಂದು ಕರೆಯುವುದಿಲ್ಲ. ಕರೆಯಬೇಕಿತ್ತು.

ನಿಜವಾದ ಧೈರ್ಯ ಕಂಡದ್ದು 1987ರಲ್ಲಿ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಜೋಡಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ, ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ಅಲ್ಲಿ ಮುಖ್ಯ ಕಾರ್ಯದರ್ಶಿಯಾಗಿ ಕೂರಿಸಿತು. ಮೇಷ್ಟ್ರು, ನರ್ಸು ಕೆಲಸಕ್ಕೆ ಬಂದರೋ ಇಲ್ಲವೋ ಎಂದು ಕೇಳುವವರು ಊರಿನ ಹತ್ತಿರವೇ ಸಿಕ್ಕರು. ಹಾಜರಿ ಸುಧಾರಿಸಿತೆಂದು ಈ ವ್ಯವಸ್ಥೆಯನ್ನು ಪರಿಶೀಲಿಸಿದ ಕೃಷ್ಣಸ್ವಾಮಿ ಸಮಿತಿಯೂ ಗುರುತಿಸಿತು. ಕಂಪ್ಯೂಟರಿನ ಗಂಧಗಾಳಿಯೂ ಇಲ್ಲದ ದಿನಗಳಲ್ಲಿ ಆದ ಬದಲಾವಣೆಯಿದು. ಪರಿಷತ್ತುಗಳ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದರು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಿಲ್ಲೆಗೆ ಆ ಹಳೆಯ ಗತ್ತು ಮರಳಲಿಲ್ಲ.

ಎಸ್.ಎಂ. ಕೃಷ್ಣ ಸರ್ಕಾರ ಹಾರನಹಳ್ಳಿ ರಾಮಸ್ವಾಮಿ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗ ರಚಿಸಿದ್ದು, 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದದ್ದು ಒಂದೇ ಉಸಿರಿನ ಕೆಲಸಗಳು. ಆದರೆ ಜನರ ನೆನಪಿನಲ್ಲಿ ಉಳಿದದ್ದು ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಿಯೋಸ್ಕಿನಲ್ಲಿ ಪ್ರತಿ ಕೈಗೆ ಸಿಗುತ್ತಿತ್ತು. ಯೋಜನೆಯ ಹೊಣೆ ಹೊತ್ತಿದ್ದ ಅಧಿಕಾರಿ ರಾಜೀವ್ ಚಾವ್ಲಾ ಮತ್ತು ಅವರ ತಂಡದ ಜಾಣ್ಮೆ ಇದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಮೂರು ಆಜ್ಞೆಗಳಲ್ಲಿ. ಕೈಬರಹದ ಪಹಣಿ ಇನ್ನು ನಡೆಯದು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು. ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ತಿದ್ದಬೇಕು. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಬಗಲಲ್ಲಿದ್ದ ಪುಸ್ತಕಕ್ಕೆ ಬೆಲೆ ಹೋದದ್ದು ಹೀಗೆ. ನಂತರ ಬಂದ ಎಷ್ಟೋ ತಂತ್ರಾಂಶಗಳು ಹಳೆಯ ಕಡತದ ಅದೇ ದಾರಿಯನ್ನು ಪರದೆಯ ಮೇಲೆ ಮೂಡಿಸಿದವು, ಅಷ್ಟೇ. ಅರ್ಜಿದಾರ ಮೊದಲು ಮೂರು ಮೇಜು ಅಲೆಯುತ್ತಿದ್ದ. ಈಗ ಅವನ ಅರ್ಜಿ ಮೂರು ಲಾಗಿನ್‌ಗಳಲ್ಲಿ ಕೊಳೆಯುತ್ತದೆ.

2012ರ ಏಪ್ರಿಲ್‌ನಲ್ಲಿ ‘ಸಕಾಲ’ ಬಂತು: 11 ಇಲಾಖೆಗಳ 151 ಸೇವೆಗಳಿಗೆ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಒಳ್ಳೆಯ ಕಾಯ್ದೆ. ಗಡುವು ಮೀರದಂತೆ ಅರ್ಜಿಯನ್ನೇ ತಿರಸ್ಕರಿಸುವ ಉಪಾಯವನ್ನು ಕಚೇರಿಗಳು ಬೇಗನೆ ಕಲಿತವು ಎಂಬುದೂ ಅಷ್ಟೇ ನಿಜ.

‘ಭೂಮಿ’ಗೂ ಕೊರತೆ ಇತ್ತು: ಅದು ಮುಟ್ಟದೆ ಬಿಟ್ಟದ್ದು ನೆಲವನ್ನೇ. ಪಹಣಿ ಗಣಕಕ್ಕೆ ಬಂತು, ಸರ್ವೆ ಹಿಂದೆ ಉಳಿಯಿತು. ಅಣ್ಣತಮ್ಮಂದಿರ ಹೆಸರು ಒಂದೇ ಪಹಣಿಯಲ್ಲಿ ಸಾಲಾಗಿ ನಿಂತಿರುತ್ತದೆ. ಹಿಸ್ಸೆ ಅಳೆದು ಬೇರ್ಪಡಿಸುವ ಪೋಡಿಗಾಗಿ ಕಾಯುವುದು ತಪ್ಪಿಲ್ಲ. ಇನ್ನೊಂದು ಕೊರತೆ ಲೆಕ್ಕದ್ದು. ಯೋಜನೆಯಿಂದ ಸರ್ಕಾರಕ್ಕೆ ಉಳಿದದ್ದೆಷ್ಟು, ಅರ್ಜಿದಾರನಿಗೆ ಕೂಲಿ, ಬಸ್‌ಚಾರ್ಜು ಉಳಿದದ್ದೆಷ್ಟು ಎಂದು ಲೆಕ್ಕ ಹಾಕುವ ರೂಢಿಯೇ ಬೆಳೆಯಲಿಲ್ಲ. ಈ ಲೆಕ್ಕವಿಲ್ಲದ ಕಡೆ, ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಬಿದ್ದಿರುವುದನ್ನೇ ಮಿತವ್ಯಯ ಎನ್ನುವವರಿದ್ದಾರೆ. ಆ ಕೆಲಸ ಹೊರಗುತ್ತಿಗೆಯವರ, ಪ್ರಭಾರ ಹೊತ್ತವರ ಹೆಗಲಿಗೆ ಬಿದ್ದಿದೆ.

ಹಾರನಹಳ್ಳಿ ಆಯೋಗದ ನಂತರ 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ನೇತೃತ್ವದ ಎರಡನೇ ಆಯೋಗ ಬಂತು. ಕಂತುಕಂತಾಗಿ ವರದಿ ಕೊಟ್ಟಿತು. ಆಮೇಲೆ ಆರ್.ವಿ. ದೇಶಪಾಂಡೆ ಅವರಿಗೆ ಆಯೋಗದ ಅಧ್ಯಕ್ಷತೆಯ ಹೊಣೆ ಬಂತು. ಇನ್ನೊಂದು ಆಯೋಗ ನೇಮಿಸುವ ಮುನ್ನ, ಈವರೆಗಿನ ಶಿಫಾರಸುಗಳಲ್ಲಿ ಯಾವುದು ಜಾರಿಯಾಯಿತು, ಯಾವುದನ್ನು ಯಾವ ಕಾರಣಕ್ಕೆ ಬದಿಗಿಡಲಾಯಿತು ಎಂಬ ಪಟ್ಟಿಯನ್ನು ಸರ್ಕಾರ ಸದನದ ಮುಂದಿಡಲಿ.