ಭದ್ರೆಯ ಸಂವರ

ಕಳಸ-ಕಾರ್ಕಳ ರಾಜ್ಯವನ್ನಾಳಿದ ಭೈರರಸರು ಜೈನಧರ್ಮೀಯರು. ಅವರ ಕಳಸದ ಬದಿಯಲ್ಲಿ ಹರಿಯುವ ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ. ಈ ನದಿಯ ಮೇಲ್ದಂಡೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆಯಲೆಂದು 1976ರಲ್ಲಿ ಸರ್ಕಾರಿ ಕಂಪನಿಯೊಂದು ಸ್ಥಾಪನೆಯಾಯಿತು. ಹುಲ್ಲಿನ ಹೊದಿಕೆ ಕಳೆದುಕೊಂಡ ಬೆಟ್ಟಗಳ ಮೇಲೆ ಮಲೆನಾಡಿನ ಮುಂಗಾರು ಸುರಿದಾಗ ಸಡಿಲಗೊಂಡ ಮಣ್ಣು, ಅದಿರಿನ ಪುಡಿ ಹೊಳೆಗೆ ಸೇರಿದವು. ಮಳೆಗಾಲದ ಭದ್ರೆ ಕೆಂಪಾಗಿ ಹರಿದಳು, ಹೂಳು ಕೆಳಗಿನ ಜಲಾಶಯದತ್ತ ಸಾಗಿತು.

ಇದರ ವಿರುದ್ಧ ಕೃಷಿಕರೂ ಪರಿಸರಾಸಕ್ತರೂ ದನಿಯೆತ್ತಿದರು. ನಾಗರಹೊಳೆಯಲ್ಲಿ ಸೇವೆ ಸಲ್ಲಿಸಿದ್ದ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪಿನ ಫಲವಾಗಿ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ಕೊನೆಗೊಂಡಿತು.

ಜೈನ ತತ್ತ್ವಶಾಸ್ತ್ರವು ಕರ್ಮದ ಒಳಹರಿವನ್ನು ಆಸ್ರವವೆಂದೂ ಅದನ್ನು ತಡೆಯುವುದನ್ನು ಸಂವರವೆಂದೂ ಮೊದಲೇ ಸೇರಿಕೊಂಡದ್ದನ್ನು ಕಳೆಯುವುದನ್ನು ನಿರ್ಜರೆಯೆಂದೂ ಕರೆಯುತ್ತದೆ. ಭದ್ರೆಗೆ ಜನರ ಹೋರಾಟ ದೊರಕಿಸಿಕೊಟ್ಟದ್ದು ಸಂವರ. ಲಕ್ಯಾ ಅಣೆಕಟ್ಟಿನ ಹಿಂದೆ ಅದಿರು ಬೇರ್ಪಡಿಸಿ ಉಳಿದ ಕೆಸರಿನ ರಾಶಿ ಇಂದಿಗೂ ಹಾಗೆಯೇ ಇದೆ. ಬೋಳಾದ ಬೆಟ್ಟಕ್ಕೆ ಹುಲ್ಲು ಮರಳಬೇಕು, ಅಣೆಕಟ್ಟು ಭದ್ರವಾಗಿರುವಂತೆ ಕಾಯಬೇಕು. ನಿರ್ಜರೆಗೆ ತೀರ್ಪೊಂದೇ ಸಾಲದು. ಅದಕ್ಕೆ ತಲೆಮಾರುಗಳ ತಪಸ್ಸು ಬೇಕು.