ಶಾಲೆಯಲ್ಲಿ ಗುಂಡಿನ ಸದ್ದು: ಕಾರಣ ಹುಡುಕಿದವರ ಚರಿತ್ರೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಆಜ್ಞೆಯಲ್ಲಿ ತಂದೆತಾಯಿಗಳ ಸೇವೆ, ಜೀವಿಗಳ ವಿಷಯದಲ್ಲಿ ದಯೆ, ಸತ್ಯವಾದ ಮಾತು, ಶಿಷ್ಯನು ಆಚಾರ್ಯನಿಗೆ ಸಲ್ಲಿಸಬೇಕಾದ ಗೌರವ ಇವೆಲ್ಲವೂ ಒಂದೇ ಸಾಲಿನ ಕರ್ತವ್ಯಗಳಾಗಿ ಬಂದಿವೆ. ಇದು ಹಿಂದಿನಿಂದ ನಡೆದುಬಂದ ಪದ್ಧತಿ, ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂಬುದು ಅದರ ಅಭಿಪ್ರಾಯ. ಜೀವದಯೆಯನ್ನೂ ಗುರುಶಿಷ್ಯ ಸಂಬಂಧವನ್ನೂ ಜೊತೆಗಿಟ್ಟು ನೋಡಿದ ಈ ಬಂಡೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲದಿಂದ ನಮ್ಮ ನೆಲದಲ್ಲಿದೆ.

ಶಾಲೆಯೊಳಗೆ ಬಂದೂಕು ಹಿಡಿದು ಮಕ್ಕಳನ್ನು ಕೊಲ್ಲುವ ಕೃತ್ಯವು ಆ ಎರಡನ್ನೂ ಒಂದೇ ಏಟಿಗೆ ಮುರಿಯುತ್ತದೆ. ಅಂಥ ಸುದ್ದಿ ಬಂದ ದಿನ ಚಳ್ಳಕೆರೆಯ ಎಣ್ಣೆ ಗಿರಣಿಗಳ ಬೀದಿಯಲ್ಲಾಗಲಿ, ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮನೆಯಲ್ಲಾಗಲಿ ಕೇಳಿಬರುವ ಪ್ರಶ್ನೆ ಒಂದೇ: ಇದಕ್ಕೆ ಕಾರಣವೇನು? ಈ ಪ್ರಶ್ನೆಗೂ ಒಂದು ಚರಿತ್ರೆಯುಂದು. ಕಳೆದ ಮೂರು ದಶಕಗಳಲ್ಲಿ ಜನರು, ವಿಶೇಷವಾಗಿ ಕ್ರೈಸ್ತ ಸಭೆಗಳು, ಇದಕ್ಕೆ ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಾರಣ ಹುಡುಕುವುದರಲ್ಲಿ ಎರಡು ವಿಧಗಳುಂಟು. ಒಂದು ಹುಡುಕುವವನನ್ನು ಹೊಣೆಯಿಂದ ಬಿಡಿಸುತ್ತದೆ, ಇನ್ನೊಂದು ಅವನನ್ನು ಹೊಣೆಗೆ ಕಟ್ಟುತ್ತದೆ. ಇವೆರಡನ್ನು ಬೇರ್ಪಡಿಸದೆ ನಾವು ಪ್ರಸಂಗಪೀಠದಿಂದ ಮಾತನಾಡಬಾರದೆಂಬುದೇ ನಮ್ಮ ವಾದ.

ಹದಿನೈದು ಶಿಲುಬೆಗಳು

1999ರ ಏಪ್ರಿಲ್ 20ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಮಂದಿ ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದು, ಬಳಿಕ ತಾವೂ ಗುಂಡು ಹಾರಿಸಿಕೊಂಡು ಸತ್ತರು. ಕೆಲವೇ ದಿನಗಳಲ್ಲಿ ಕಾರಣಗಳ ಪಟ್ಟಿ ಬೆಳೆಯಿತು: ಗಡುಸು ಸಂಗೀತ, ಗಣಕಯಂತ್ರದ ಹಿಂಸಾತ್ಮಕ ಆಟಗಳು, ಶಾಲೆಯಲ್ಲಿನ ಗೇಲಿ ಮತ್ತು ಕಿರುಕುಳ, ಅಂಕೆ ತಪ್ಪಿದ ಮನೆಗಳು, ಸುಲಭವಾಗಿ ಸಿಗುವ ಬಂದೂಕುಗಳು. ಪ್ರತಿಯೊಬ್ಬರೂ ತಾವು ಮೊದಲೇ ದ್ವೇಷಿಸುತ್ತಿದ್ದ ವಸ್ತುವನ್ನೇ ಕಾರಣವೆಂದು ಕಂಡುಕೊಂಡರು.

ಸಭೆಗಳೂ ಅವಸರಪಟ್ಟವು. ದೇವರಲ್ಲಿ ನಂಬಿಕೆಯುಂಟೇ ಎಂದು ಹಂತಕನು ಕೇಳಿದಾಗ ಉಂಟೆಂದು ಹೇಳಿ ಪ್ರಾಣಕೊಟ್ಟಳೆಂದು ಒಬ್ಬ ವಿದ್ಯಾರ್ಥಿನಿಯ ಕಥೆ ದೇಶದಾದ್ಯಂತ ಹಬ್ಬಿತು. ಆಕೆಯನ್ನು ರಕ್ತಸಾಕ್ಷಿಯೆಂದು ಸಾರಲಾಯಿತು. ತನಿಖೆ ಮುಂದುವರಿದಾಗ ಅಂಥ ಸಂಭಾಷಣೆ ನಡೆದದ್ದು, ಗಾಯಗೊಂಡು ಬದುಕಿ ಉಳಿದ ಬೇರೊಬ್ಬ ಹುಡುಗಿಯೊಂದಿಗೆ ಎಂಬುದೇ ಹೆಚ್ಚು ಸಂಭವನೀಯವೆಂದು ಕಂಡುಬಂತು. ಸತ್ತ ಮಗುವಿನ ನಂಬಿಕೆಯ ಬಗ್ಗೆ ಇಲ್ಲಿ ಸಂದೇಹವಿಲ್ಲ. ಆದರೆ ದುಃಖಕ್ಕೆ ಅರ್ಥ ಕೊಡುವ ಆತುರದಲ್ಲಿ ಸಭೆಯು ಸತ್ಯಕ್ಕಾಗಿ ಕಾಯಲಿಲ್ಲ. ಬ್ರಹ್ಮಗಿರಿಯ ಬಂಡೆ ಕೂಡ ಸತ್ಯವಾದ ಮಾತನ್ನು ಜೀವದಯೆಯ ಪಕ್ಕದಲ್ಲೇ ಇಟ್ಟಿದೆ.

ಅದೇ ಊರಿನಲ್ಲಿ ಇನ್ನೊಂದು ಘಟನೆ ನಡೆಯಿತು. ದೂರದ ಇಲಿನಾಯ್ ರಾಜ್ಯದಿಂದ ಬಂದ ಒಬ್ಬ ಬಡಗಿ ಶಾಲೆಯ ಬಳಿಯ ಗುಡ್ಡದ ಮೇಲೆ 15 ಮರದ ಶಿಲುಬೆಗಳನ್ನು ನೆಟ್ಟನು. ಸತ್ತ 13 ಮಂದಿಗೆ ಒಂದೊಂದು, ಕೊಂದ ಇಬ್ಬರಿಗೆ ಎರಡು. ಮಗನನ್ನು ಕಳೆದುಕೊಂಡ ಒಬ್ಬ ತಂದೆ ಬಂದು ಕೊನೆಯ ಆ ಎರಡನ್ನು ಕಿತ್ತುಹಾಕಿದನು. ಆ ತಂದೆಯನ್ನು ಖಂಡಿಸುವ ಅಧಿಕಾರ ನಮಗಿಲ್ಲ. ರಾಹೇಲಳು ಸಮಾಧಾನ ಹೊಂದಲೊಲ್ಲದೆ ಅತ್ತಳೆಂದು ಮತ್ತಾಯನು ಬರೆಯುವಾಗ ಆಕೆಯನ್ನು ಗದರಿಸುವುದಿಲ್ಲ. ಕ್ಷಮೆಯ ಬೋಧನೆಯನ್ನು ದುಃಖಿತರ ಮೇಲೆ ಹೊರೆಯಾಗಿ ಹೇರಬಾರದೆಂಬುದಕ್ಕೆ ಆ ಗುಡ್ಡವೇ ಸಾಕ್ಷಿ.

ಪ್ರಾರ್ಥನೆಯ ವಾದ

ಕ್ರೈಸ್ತ ವಲಯಗಳಲ್ಲಿ ಹೆಚ್ಚಾಗಿ ಕೇಳಿಬರುವ ಕಾರಣವೊಂದುಂಟು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1962 ಮತ್ತು 1963ರ ತೀರ್ಪುಗಳಿಂದ ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆಯನ್ನೂ ಸತ್ಯವೇದ ಪಠಣವನ್ನೂ ನಿಲ್ಲಿಸಿತು. ದೇವರನ್ನು ಹೊರಗೆ ಕಳುಹಿಸಿದ ಶಾಲೆಗೆ ಹಿಂಸೆ ಪ್ರವೇಶಿಸಿತು ಎಂಬುದು ಆ ವಾದ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 20 ಮಂದಿ ಎಳೆಯ ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದ ದಿನವೇ, ಬೋಧಕರೂ ಮಾಜಿ ಗವರ್ನರರೂ ಆದ ಮೈಕ್ ಹಕಬಿ ಅವರು ಇದೇ ಅರ್ಥದ ಮಾತನ್ನು ದೂರದರ್ಶನದಲ್ಲಿ ಆಡಿದರು. ನಮ್ಮ ನಾಡಿನ ಪ್ರಸಂಗಗಳಲ್ಲೂ ಇದರ ಪ್ರತಿಧ್ವನಿ ಕೇಳದವರು ವಿರಳ.

ಚರಿತ್ರೆ ಈ ವಾದವನ್ನು ಎತ್ತಿಹಿಡಿಯುವುದಿಲ್ಲ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯದ ನಿಕಲ್ ಮೈನ್ಸ್‌ನಲ್ಲಿ ಗುಂಡಿಗೆ ಗುರಿಯಾದದ್ದು ಆಮಿಶ್ ಸಭೆಯವರ ಒಂದೇ ಕೋಣೆಯ ಶಾಲೆ. ಪ್ರಾರ್ಥನೆಯಿಂದ ದಿನವನ್ನು ಆರಂಭಿಸುವ ಮಕ್ಕಳು ಅವರು. ಹತ್ತು ಹುಡುಗಿಯರಿಗೆ ಗುಂಡು ತಗುಲಿ ಐವರು ತೀರಿಕೊಂಡರು. 2023ರ ಮಾರ್ಚ್ 27ರಂದು ನ್ಯಾಶ್‌ವಿಲ್‌ನ ಒಂದು ಕ್ರೈಸ್ತ ಶಾಲೆಯಲ್ಲಿ ಮೂವರು ಮಕ್ಕಳೂ ಮೂವರು ಹಿರಿಯರೂ ಹತರಾದರು. ಪ್ರಾರ್ಥನೆ ಇಲ್ಲದ ಕಡೆ ಮಾತ್ರ ಗುಂಡು ಹಾರುತ್ತದೆಂದರೆ ಈ ಮಕ್ಕಳ ತಾಯಂದಿರಿಗೆ ಏನು ಹೇಳೋಣ? ಯೋಬನ ಸ್ನೇಹಿತರು ಹೇಳಿದ್ದನ್ನೇ ಹೇಳಬೇಕಾಗುತ್ತದೆ. ಆ ಸ್ನೇಹಿತರನ್ನು ದೇವರು ಮೆಚ್ಚಲಿಲ್ಲವೆಂಬುದನ್ನು ನಾವು ಬಲ್ಲೆವು.

ನಿಕಲ್ ಮೈನ್ಸ್‌ನ ಆಮಿಶರು ಕಾರಣದ ಚರ್ಚೆಗೆ ಇಳಿಯಲಿಲ್ಲ. ಘಟನೆ ನಡೆದ ದಿನವೇ ಅವರಲ್ಲಿ ಕೆಲವರು ಹಂತಕನ ಹೆಂಡತಿ ಮಕ್ಕಳನ್ನು ಕಂಡು ಸಂತೈಸಿದರು. ಅವನ ಶವಸಂಸ್ಕಾರಕ್ಕೂ ಹೋದರು. ತಮಗೆ ಬಂದ ನೆರವಿನಲ್ಲಿ ಆ ಕುಟುಂಬಕ್ಕೂ ಪಾಲು ಕೊಟ್ಟರು. ಹಳೆಯ ಶಾಲೆಯನ್ನು ಹತ್ತೇ ದಿನಗಳಲ್ಲಿ ಕೆಡವಿ, ಆರು ತಿಂಗಳು ತುಂಬುವಷ್ಟರಲ್ಲಿ ಬೇರೆ ಕಡೆ ಹೊಸ ಶಾಲೆ ತೆರೆದರು. ಕಿತ್ತುಹಾಕಿದ ಶಿಲುಬೆಗೂ ಈ ಭೇಟಿಗೂ ನಡುವೆ ಒಂದನ್ನು ಮೆಚ್ಚಿ ಇನ್ನೊಂದನ್ನು ತೆಗಳುವುದು ಸುಲಭ. ಆದರೆ ಆಮಿಶರ ಕ್ಷಮೆ ಒಬ್ಬ ತಂದೆಯ ಒಂಟಿ ಸಾಹಸವಾಗಿರಲಿಲ್ಲ. ತಲೆತಲಾಂತರದಿಂದ ಸಭೆಯು ಒಟ್ಟಾಗಿ ರೂಢಿಸಿಕೊಂಡು ಬಂದ ನಡತೆ ಅದು. ಅದರ ಭಾರವನ್ನು ಸಭೆಯೇ ಹೊತ್ತಿತು.

ಕಾನೂನಿನ ಸಾಕ್ಷಿ

ಹಾಗಾದರೆ ಕಾರಣವನ್ನು ಹುಡುಕಲೇಬಾರದೇ? ಸ್ಕಾಟ್ಲೆಂಡಿನ ಡನ್‌ಬ್ಲೇನ್ ಇದಕ್ಕೆ ಉತ್ತರ ಕೊಡುತ್ತದೆ. 1996ರ ಮಾರ್ಚ್ 13ರಂದು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ 16 ಮಕ್ಕಳೂ ಒಬ್ಬ ಶಿಕ್ಷಕಿಯೂ ಹತರಾದರು. ಹಂತಕನು ಪರವಾನಗಿ ಪಡೆದೇ ಪಿಸ್ತೂಲುಗಳನ್ನು ಇಟ್ಟುಕೊಂಡಿದ್ದನು. ನ್ಯಾಯಮೂರ್ತಿ ಕಲೆನ್ ಅವರ ವಿಚಾರಣೆ ನಡೆಯಿತು. ಪೋಷಕರೂ ಅವರ ಸ್ನೇಹಿತರೂ ಆರಂಭಿಸಿದ ಮನವಿಗೆ ಸುಮಾರು 7 ಲಕ್ಷ ಜನ ಸಹಿ ಹಾಕಿದರು. 1997ರ ಎರಡು ತಿದ್ದುಪಡಿ ಕಾಯಿದೆಗಳಿಂದ ಬ್ರಿಟನ್ನಿನಲ್ಲಿ ಖಾಸಗಿ ಪಿಸ್ತೂಲುಗಳು ಬಹುಮಟ್ಟಿಗೆ ನಿಷೇಧವಾದವು. ಅಂದಿನಿಂದ ಅಲ್ಲಿನ ಯಾವ ಶಾಲೆಯಲ್ಲೂ ಅಂಥ ಹತ್ಯಾಕಾಂಡ ಮರುಕಳಿಸಿಲ್ಲ. ಸ್ಯಾಂಡಿ ಹುಕ್ ಬಳಿಕ ಅಮೆರಿಕದ ಸೆನೆಟ್ಟಿನಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾಪ ಬಂತು. 2013ರ ಏಪ್ರಿಲ್‌ನಲ್ಲಿ ಅಗತ್ಯವಾದ 60 ಮತ ದೊರೆಯದೆ ಅದು ಬಿದ್ದುಹೋಯಿತು.

ಮನುಷ್ಯನ ಹೃದಯದಲ್ಲಿ ಕೇಡು ಏಕೆ ಹುಟ್ಟುತ್ತದೆಂಬುದನ್ನು ಡನ್‌ಬ್ಲೇನಿನ ಪೋಷಕರು ಬಗೆಹರಿಸಲಿಲ್ಲ. ತಮ್ಮ ಕೈಲಿ ತೆಗೆದುಹಾಕಬಹುದಾದ ಕಾರಣ ಯಾವುದೆಂದು ಮಾತ್ರ ಕೇಳಿದರು. ಹೊಣೆಗೆ ಕಟ್ಟುವ ಪ್ರಶ್ನೆಯೆಂದು ನಾವು ಹೇಳಿದ್ದು ಇದನ್ನೇ.

ನಮ್ಮ ದೇಶ, ನಮ್ಮ ತಾಲ್ಲೂಕು

2007ರ ಡಿಸೆಂಬರ್ 11ರಂದು ದೆಹಲಿಯ ಬಳಿಯ ಗುರ್‌ಗಾಂವ್‌ನಲ್ಲಿ ಎಂಟನೆಯ ತರಗತಿಯ ಇಬ್ಬರು ಹುಡುಗರು ಒಬ್ಬ ಸಹಪಾಠಿಯನ್ನು ಶಾಲೆಯಲ್ಲೇ ಗುಂಡಿಟ್ಟು ಕೊಂದರು. ಪಿಸ್ತೂಲು ಅವರಲ್ಲೊಬ್ಬನ ತಂದೆಯದು. ಪಾಶ್ಚಾತ್ಯ ಪಿಡುಗು ಭಾರತಕ್ಕೂ ಬಂತೆಂಬ ಉದ್ಗಾರವೇ ಆಗ ಎದ್ದು ಕೇಳಿತು. ಪಿಸ್ತೂಲು ಇದ್ದದ್ದು ನಮ್ಮದೇ ಒಂದು ಮನೆಯಲ್ಲಿ ಎಂಬ ಮಾತು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯಲ್ಲಿ ಒಂದು ವಸತಿ ವಿದ್ಯಾಸಂಸ್ಥೆಯ ಸಹಾಯಕ ಸಿಬ್ಬಂದಿಯೊಬ್ಬನು ಹಾರಿಸಿದ ಗುಂಡಿಗೆ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಬಲಿಯಾದಳು, ಇನ್ನೊಬ್ಬಳು ಗಾಯಗೊಂಡಳು. ಅಲ್ಲಿ ಪಾಶ್ಚಾತ್ಯರನ್ನು ದೂರುವಂತಿರಲಿಲ್ಲ. ಮಕ್ಕಳನ್ನು ಯಾರ ವಶಕ್ಕೆ ಒಪ್ಪಿಸುತ್ತೇವೆ, ಅವರ ಪೂರ್ವಾಪರ ವಿಚಾರಿಸುತ್ತೇವೆಯೇ ಎಂಬ ಪ್ರಶ್ನೆ ಎದುರಾಯಿತು.

ಚಳ್ಳಕೆರೆ, ಮೊಳಕಾಲ್ಮುರುಗಳಲ್ಲಿ ಇಂಥದ್ದು ನಡೆಯದೆಂದು ನಾವು ನಿಶ್ಚಿಂತರಾಗಿರುವುದು ಸಹಜ. ಆ ನಿಶ್ಚಿಂತೆಯ ಬುಡದಲ್ಲಿ ನಮ್ಮ ಭಕ್ತಿಗಿಂತ ಹೆಚ್ಚಾಗಿ ಕಾನೂನು ಇದೆ. ಭಾರತೀಯರಿಂದ ಆಯುಧ ಕಿತ್ತುಕೊಳ್ಳುವ ಕಂಪನಿ ಸರ್ಕಾರದ ಕಾಯಿದೆಯ ವಿರುದ್ಧ ಮುಧೋಳದ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ದಂಗೆಯೆದ್ದರು. ನಮ್ಮ ಈ ಎರಡು ತಾಲ್ಲೂಕುಗಳಲ್ಲೂ ಬೇಡ ನಾಯಕರ ಸಮುದಾಯ ದೊಡ್ಡದು, ಆ ನೆನಪು ಅವರಿಗೂ ಪರಕೀಯವಲ್ಲ. ಆಳುವವರ ಭಯದಿಂದ ಹುಟ್ಟಿದ ಆ ನೀತಿ 1878ರ ಆಯುಧ ಕಾಯಿದೆಯಾಯಿತು. ಸ್ವತಂತ್ರ ಭಾರತದಲ್ಲಿ 1959ರ ಕಾಯಿದೆ ಅದರ ಸ್ಥಾನಕ್ಕೆ ಬಂತು. 2019ರ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ನಮ್ಮ ಮಕ್ಕಳ ಕೈಗೆ ಬಂದೂಕು ಸಿಗದಿರುವುದು ನಾವು ಅಮೆರಿಕದವರಿಗಿಂತ ನೀತಿವಂತರೆಂಬುದಕ್ಕೆ ಪ್ರಮಾಣವಲ್ಲ.

ಬಂದೂಕಿಲ್ಲದ ಕಡೆಯೂ ಹಿಂಸೆಯುಂಟು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಒಂದು ವಸತಿ ಪಾಠಶಾಲೆಯಲ್ಲಿ, ಮನೆಗೆ ಫೋನ್ ಮಾಡಿದ ತಪ್ಪಿಗೆ ಬಾಲಕನೊಬ್ಬನನ್ನು ಶಿಕ್ಷಕನು ಹೊಡೆದು ಒದೆಯುವ ದೃಶ್ಯ 2025ರ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ, ಶಿಕ್ಷಕನ ಬಂಧನವಾಯಿತು. ನೆರೆಮನೆಯತ್ತ ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಮಿಷನ್ ಶಾಲೆಗಳಲ್ಲೂ ಬೆತ್ತ ಇತ್ತು, ಅದನ್ನು ಸಮರ್ಥಿಸಲು ಜ್ಞಾನೋಕ್ತಿಗಳನ್ನು ಬಳಸಿದವರೂ ಇದ್ದರು. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಏಟು ತಿಂದ ಮಗು ಮುಂದೆ ಹಂತಕನಾಗುತ್ತದೆಂಬ ಸರಳ ಲೆಕ್ಕವನ್ನು ನಾವು ಹಾಕುವುದಿಲ್ಲ. ಮಗುವಿಗೆ ಏಟು ಬೀಳುವುದನ್ನು ನೋಡಿ ಸುಮ್ಮನಿರುವ ಊರು, ದೂರದ ಶಾಲೆಯ ಗುಂಡಿನ ಸದ್ದಿಗೆ ಬೆಚ್ಚಿದರೆ ಸಾಲದು ಎಂದಷ್ಟೇ ಹೇಳುತ್ತೇವೆ.

ಸಿಲೋವದ ಬುರುಜು

ಪಿಲಾತನು ಗಲಿಲಾಯದವರ ರಕ್ತವನ್ನು ಅವರ ಬಲಿಗಳೊಂದಿಗೆ ಬೆರೆಸಿದ ಸುದ್ದಿಯನ್ನು ಕೆಲವರು ಯೇಸುವಿಗೆ ತಂದರೆಂದು ಲೂಕನು 13ನೆಯ ಅಧ್ಯಾಯದಲ್ಲಿ ತಿಳಿಸುತ್ತಾನೆ. ಆರಾಧನೆಯ ಸ್ಥಳದಲ್ಲೇ ನಡೆದ ಕೊಲೆ ಅದು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಯೇಸು ಒಪ್ಪಲಿಲ್ಲ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ಪ್ರಸ್ತಾಪವನ್ನು ತಾನೇ ಎತ್ತಿ, ಅಲ್ಲಿಯೂ ಆ ಎಣಿಕೆಯನ್ನು ತಳ್ಳಿಹಾಕಿದನು. ಕೇಳಲು ಬಂದವರನ್ನೇ ಮಾನಸಾಂತರಕ್ಕೆ ಕರೆದನು. ಹುಟ್ಟುಕುರುಡನನ್ನು ಕಂಡು ಯಾರ ಪಾಪವೆಂದು ಶಿಷ್ಯರು ಕೇಳಿದಾಗಲೂ ಅವರಿಗೆ ಬೇಕಾದ ಉತ್ತರ ಸಿಗಲಿಲ್ಲ. ಆ ಮನುಷ್ಯನಿಗೆ ದೃಷ್ಟಿ ಬಂತು.

ಆದ್ದರಿಂದ ಇಂಥ ಸುದ್ದಿ ಬಂದಾಗ ನಮ್ಮ ಸಭೆಗಳು ಮೊದಲು ಶೋಕಿಸಲಿ, ತಿಳಿಯದ್ದನ್ನು ಬೋಧಿಸದಿರಲಿ. ಬೆತ್ಲೆಹೇಮಿನ ನಿರ್ದೋಷಿ ಮಕ್ಕಳನ್ನು ಸ್ಮರಿಸುವ ಡಿಸೆಂಬರ್ 28 ನಮ್ಮ ಪಂಚಾಂಗದಲ್ಲಿದೆ. ಕ್ರಿಸ್‌ಮಸ್ ಸಂಭ್ರಮದಲ್ಲಿ ಅದು ಮರೆತುಹೋಗುತ್ತದೆ. ಆ ದಿನ ಶಾಲೆಗಳಲ್ಲಿ ಪ್ರಾಣ ಕಳೆದುಕೊಂಡ ಎಲ್ಲ ಮಕ್ಕಳಿಗಾಗಿ, 2014ರ ಡಿಸೆಂಬರ್ 16ರಂದು ಪೇಶಾವರದಲ್ಲಿ ಭಯೋತ್ಪಾದಕರು ಕೊಂದ 132 ಮಕ್ಕಳಿಗಾಗಿಯೂ, ಪ್ರಾರ್ಥಿಸೋಣ. ಬಳಿಕ ನಮ್ಮ ಭಾನುವಾರ ಶಾಲೆ, ವಸತಿನಿಲಯ, ಮನೆಗಳತ್ತ ತಿರುಗಿ, ಹೆದರಿದ ಮಗು ಯಾರ ಬಳಿ ಹೋಗಿ ಹೇಳಿಕೊಳ್ಳಬಹುದು, ಗೇಲಿಗೆ ಗುರಿಯಾದವನ ಪಕ್ಕದಲ್ಲಿ ಯಾರು ಕೂರುತ್ತಾರೆ, ಬೆತ್ತ ನಿಜವಾಗಿ ಹೋಗಿದೆಯೇ ಎಂದು ವಿಚಾರಿಸೋಣ. ಬ್ರಹ್ಮಗಿರಿಯ ಶಾಸನ ಶಿಷ್ಯನ ಕರ್ತವ್ಯವನ್ನು ಹೇಳಿತು. ಮಗುವೊಂದನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿದ ಗುರುವನ್ನು ಹಿಂಬಾಲಿಸುವ ನಾವು ಆಚಾರ್ಯನ ಕರ್ತವ್ಯವನ್ನೂ ಅದರೊಂದಿಗೆ ಸೇರಿಸಿ ಓದಬೇಕಾಗಿದೆ.